ಸವೆದ ಮುಖದ ನಾಣ್ಯ

"ಅದೊಂದನ್ನ ಬಿಟ್ಬಿಡಿ. ಮಿಕ್ಕಿದ್ದೆಲ್ಲ ತಗೊಂಡ್ಹೋಗಿ," ಅಂದಳು ಮುದುಕಿ.

ಮೇಜಿನ ಮೇಲೆ ಇಪ್ಪತ್ತೆರಡು ಪ್ಲಾಸ್ಟಿಕ್ ಡಬ್ಬಿಗಳಿದ್ದವು. ಒಂದೊಂದೂ ಅಂಗೈಯಗಲ. ಒಂದೊಂದರ ಹೊಟ್ಟೆಯಲ್ಲೂ ಒಂದು ಬೆಳ್ಳಿ ನಾಣ್ಯ, ಅದರ ಮೇಲ್ಗಡೆ ಅಂಕ ಬರೆದ ಚೀಟಿ. ಇಪ್ಪತ್ತೊಂದನ್ನು ಮುದುಕಿ ಅವನ ಕಡೆಗೆ ತಳ್ಳಿದ್ದಳು. ಉಳಿದ ಒಂದನ್ನು ಶಾಲಿನ ತುದಿಯಲ್ಲಿ ಸುತ್ತಿ ಹಿಡಿದಿದ್ದಳು, ಒಲೆಯಿಂದ ಇಳಿಸಿದ ಪಾತ್ರೆಯನ್ನು ಹಿಡಿದ ಹಾಗೆ.

"ಯಾಕಮ್ಮಾ, ಅದು ಕಚ್ಚುತ್ತಾ?"

"ನಗಬೇಡಿ. ಅದು ಒಳ್ಳೇದಲ್ಲ."

ಅವನು ನಕ್ಕ. ನಗದೇ ಇದ್ದರೆ ಅವನು ಅವನೇ ಅಲ್ಲ. ಬೀದಿಯವರು ಅವನಿಗೆ ಮಾರ್ಕ್ಸ್ ಮೇಷ್ಟ್ರು ಅಂತ ಅಡ್ಡಹೆಸರಿಟ್ಟಿದ್ದರು. ಊರಿಗೆ ಬಂದು ನಾಲ್ಕು ತಿಂಗಳಾಗಿತ್ತು. ಹಳೆಯ ನಾಣ್ಯ ನೋಡಿ ಒಂದರಿಂದ ಎಪ್ಪತ್ತರವರೆಗೆ ಅಂಕ ಹಾಕುವುದು ಅವನ ಕಸುಬು. ಒಂದು ಅಂದರೆ ಸವೆದು ಸವೆದು ಬರೀ ಬಿಲ್ಲೆಯಾದದ್ದು. ಎಪ್ಪತ್ತು ಅಂದರೆ ಟಂಕಸಾಲೆಯಿಂದ ಈಗಷ್ಟೇ ಬಿದ್ದ ಹಾಗಿರುವುದು, ಮನುಷ್ಯರ ಕೈ ಸೋಕದ್ದು. ದೊಡ್ಡ ಕಂಪನಿಯೊಂದರಲ್ಲಿ ಹನ್ನೊಂದು ವರ್ಷ ಅದೇ ಕೆಲಸ ಮಾಡಿದ್ದ. ಒಂದು ದಿನ, ಮುಖ್ಯಸ್ಥರು ಅರವತ್ತೈದು ಹಾಕಿದ ನಾಣ್ಯಕ್ಕೆ ತಾನು ಐವತ್ತೆಂಟು ಹಾಕಿ, "ಸಾರ್, ನಿಮ್ಮ ಕಣ್ಣಿಗೆ ಪೊರೆ ಬಂದಿದೆ" ಅಂತ ಎಲ್ಲರೆದುರು ಅಂದಿದ್ದ. ಸಂಜೆಯೊಳಗೆ ಕೆಲಸ ಹೋಯಿತು. ನಿಜ ಹೇಳಬೇಕೆಂದರೆ ಅವತ್ತು ತಪ್ಪಿದ್ದವನು ಇವನೇ. ಅದನ್ನು ಇವತ್ತಿಗೂ ಒಪ್ಪಿಕೊಂಡವನಲ್ಲ. ಆ ಮುಖ್ಯಸ್ಥರೇ ಬಾಯಿಬಿಟ್ಟು "ಕಣ್ಣು ಅಂದ್ರೆ ನಿನ್ನದಪ್ಪಾ" ಅನ್ನಬೇಕು, ಅಂಥದ್ದೊಂದು ನಾಣ್ಯ ಕೈಗೆ ಸಿಗಬೇಕು. ಸಾಯುವುದರೊಳಗೆ ಅವನಿಗೆ ಬೇಕಾಗಿದ್ದದ್ದು ಅಷ್ಟೇ.

"ತೋರಿಸಿಯಾದ್ರೂ ತೋರಿಸಿ. ನೋಡಿದ್ರೆ ಏನ್ ಸವೆದು ಹೋಗುತ್ತಾ?"

ಮುದುಕಿ ಶಾಲು ಸರಿಸಿದಳು. ಡಬ್ಬಿಯ ಅಂಚಿಗೆಲ್ಲ ಅರಗು ಹಾಕಿ ಅಂಟಿಸಿತ್ತು. ಸುತ್ತಲೂ ಕಪ್ಪು ದಾರ, ಮೂರು ಸುತ್ತು. ಒಳಗಿನ ನಾಣ್ಯದಲ್ಲಿ ಪಕ್ಕಕ್ಕೆ ತಿರುಗಿದ ಹೆಣ್ಣಿನ ತಲೆ, ಕಣ್ಣು ಮೂಗು ಅಳಿಸಿಹೋಗಿ ಬರೀ ನೆರಳಿನಂತಿತ್ತು. ಅವನು ಭೂತಗನ್ನಡಿಯನ್ನು ಕಣ್ಣಿಗೆ ಒತ್ತಿಕೊಂಡ. ಉಸಿರು ಹಿಡಿದ.

ಚೀಟಿಯಲ್ಲಿ ನಾಲ್ಕು ಅಂಕ. ಕಣ್ಣಿಗೆ ಹನ್ನೆರಡು ಕಾಣುತ್ತಿತ್ತು. ಅಕ್ಕಿಕಾಳಿನಷ್ಟು ಜಡೆಯಲ್ಲಿ ಮೂರು ಎಳೆ ಬಿಡಿಬಿಡಿಯಾಗಿ ನಿಂತಿತ್ತು. ನಾಲ್ಕರ ನಾಣ್ಯಕ್ಕೆ ಎಳೆ ಎಲ್ಲಿಂದ ಬರಬೇಕು?

ಈ ಕಸುಬಿನವರು ಕನಸು ಕಾಣುವುದು ಇಂಥದ್ದನ್ನೇ. ಅಂಕ ಹಾಕಿದವನು ಕುರುಡನಂತೆ ಕಡಿಮೆ ಹಾಕಿರುತ್ತಾನೆ. ಯಾವಳೋ ವಿಧವೆ ಚೀಟಿ ನೋಡಿ ಬೆಲೆ ಹೇಳುತ್ತಾಳೆ. ಇವರು ಕೊಂಡು, ಡಬ್ಬಿ ಒಡೆದು, ನಾಣ್ಯವನ್ನು ಹೊಸದಾಗಿ ಕಂಪನಿಗೆ ಕಳಿಸುತ್ತಾರೆ. ನಾಲ್ಕು ಹೋಗಿ ಹನ್ನೆರಡಾಗುತ್ತದೆ. ಅದೂ ಇಂಥ ನಾಣ್ಯ, ಪುಸ್ತಕಗಳಲ್ಲಿ 'ಒಂದೂ ಉಳಿದಿಲ್ಲ' ಎಂದು ಬರೆದಿರುವ ಮುದ್ರೆ.

"ಎಲ್ಲಾ ಸೇರಿಸಿ ಕೊಟ್ರೆ ತಗೋತೀನಿ. ಇಲ್ಲಾಂದ್ರೆ ಒಂದೂ ಬೇಡ," ಅಂದ.

"ಒಡೀತೀರಾ?"

"ಒಡೆದ್ರೆ ಏನಾಗುತ್ತೆ?"

ಮುದುಕಿ ಎರಡೂ ಹೆಬ್ಬೆರಳನ್ನು ಅವನ ಮುಖದ ಮುಂದೆ ಹಿಡಿದಳು. ಚಮಚದ ಬೆನ್ನಿನಂತೆ ನುಣ್ಣಗಿದ್ದವು. ಒಂದೇ ಒಂದು ಗೆರೆಯಿಲ್ಲ. ಆಮೇಲೆ ಅವಳು ತಲೆಯ ಮೇಲಿನ ಶಾಲನ್ನು ಹಿಂದಕ್ಕೆ ಸರಿಸಿದಳು. ಎಡಗಡೆಯ ಹುಬ್ಬು ಇರಬೇಕಾದ ಜಾಗದಲ್ಲಿ ಬರೀ ಚರ್ಮ ಹೊಳೆಯುತ್ತಿತ್ತು.

"ನಮ್ಮೆಜಮಾನ್ರು ಅರ್ಧ ದಿನ ತೆರೆದಿಟ್ಟಿದ್ರು. ಬರೀ ಅರ್ಧ ದಿನ. ಯಾರನ್ನೋ ಕರೆಸಿ ಕಟ್ಟು ಹಾಕಿಸಿ ಮುಚ್ಚಿದ್ಮೇಲೆ ನಿಂತಿತು."

"ನಲವತ್ತು ವರ್ಷ ಪಾತ್ರೆ ಉಜ್ಜಿದ್ರೆ ಎಲ್ಲರ ಬೆರಳೂ ಹೀಗೇ ಆಗುತ್ತಮ್ಮಾ. ಹುಬ್ಬಿಗೆ ಒಂಚೂರು ಎಣ್ಣೆ ಹಚ್ಚಿ ನೋಡಿ."

ಮುದುಕಿಗೆ ಕೋಪ ಬರಲಿಲ್ಲ. ಅವಳು ಬಾಗಿಲ ಕಡೆ ಒಮ್ಮೆ ನೋಡಿ, ದನಿ ಇಳಿಸಿದಳು. "ಅಚ್ಚು ಕೆತ್ತೋನು ರಾಣಿ ಮುಖ ಕೆತ್ತು ಅಂದ್ರೆ ಹೆಂಡ್ತಿ ಮುಖ ಕೆತ್ತಿದ್ನಂತೆ. ರಾಣಿ ಸುಮ್ನಿರ್ತಾಳಾ? ಆ ಹೆಂಡ್ತೀನ ಜೀವಂತ ಗೋಡೆಯೊಳಗೆ ನಿಲ್ಲಿಸಿ ಕಟ್ಟಿಸಿಬಿಟ್ಲು. ನಾಣ್ಯನೆಲ್ಲ ಕರಗಿಸಿದ್ರು. ಇದೊಂದು ಉಳೀತು. ಅವನು ಮಾಟದವರ ಕಾಲು ಹಿಡಿದು, ಗೋಡೆಯಲ್ಲಿದ್ದೋಳನ್ನ ಇದರೊಳಕ್ಕೆ ಕರೆಸ್ಕೊಂಡ. ಬಂದ್ಲು. ಈಗ ಹೊರಗೆ ಬರ್ಬೇಕು ಅಂತಾಳೆ."

"ಬರ್ಲಿ ಬಿಡಿ. ಟೀ ಕುಡ್ಕೊಂಡು ಹೋಗ್ಲಿ."

"ಮನೇಲಿ ಯಾರ್ಯಾರಿದ್ದಾರೆ ನಿಮಗೆ?"

"ಅಕ್ಕ ಒಬ್ಬಳೇ. ಅವಳೊಬ್ಬಳೇ ಹತ್ತು ಜನರ ಗಲಾಟೆ."

ಮುದುಕಿಯ ಬಾಯಿ ಬಿಗಿಯಿತು. "ತೆರೆದೋರಿಗೆ ಏನೂ ಮಾಡಲ್ಲ ಅವಳು. ನೋಡೋಕೆ ಒಬ್ರು ಬೇಕಲ್ಲ. ಮನೇಲಿರೋರದ್ದು ತಗೋತಾಳೆ."

ಅವನು ಒಡೆಯುವುದಿಲ್ಲ ಎಂದು ಮಾತು ಕೊಟ್ಟ. ಅಂಗಡಿಯಲ್ಲಿ ಚೌಕಾಸಿ ಮಾಡುವಷ್ಟೇ ಸಲೀಸಾಗಿ ಕೊಟ್ಟ. ವಾರದೊಳಗೆ ಮನೆ ಖಾಲಿ ಮಾಡಿ ತಂಗಿಯ ಊರಿಗೆ ಹೋಗಲಿದ್ದ ಮುದುಕಿ, ಕೊನೆಗೂ ಆ ಡಬ್ಬಿಯನ್ನು ಬಿಟ್ಟುಕೊಟ್ಟಳು. ಕೊಟ್ಟ ಮೇಲೆ ಕೈಯನ್ನು ಶಾಲಿಗೆ ಒರೆಸಿಕೊಂಡಳು.

*

ಅವರಿಗೆ ಅಂಗಡಿಯೇ ಮನೆ. ಅದರ ಮುಂದಿನ ಅರ್ಧ ಅಕ್ಕನದು. ಹೊಲಿಗೆ ಯಂತ್ರ, ಕತ್ತರಿಸುವ ಮೇಜು, ಗಿರಾಕಿಗಳಿಗೊಂದು ನಿಲುಗನ್ನಡಿ. ಹಿಂದಿನ ಅರ್ಧ ಅವನದು. ಮೊದಲು ಯಾರೋ ಫೋಟೋ ತೊಳೆಯುತ್ತಿದ್ದ ಕೋಣೆ ಅದು; ಕಿಟಕಿಯೇ ಇಲ್ಲ. ನಡುಹಗಲಲ್ಲೂ ದೀಪ ಆರಿಸಿದರೆ ತನ್ನ ಕೈ ತನಗೆ ಕಾಣದು. ಎರಡರ ನಡುವೆ ದಪ್ಪ ಪರದೆ. ಯಂತ್ರದೆಣ್ಣೆಯ ವಾಸನೆ ಆ ಕಡೆಯಿಂದ, ಹಳೆಯ ಲೋಹದ ವಾಸನೆ ಈ ಕಡೆಯಿಂದ ಬಂದು ಪರದೆಯಲ್ಲಿ ಬೆರೆಯುತ್ತಿದ್ದವು.

ಅವನಿಗೆ ಏಳು ವರ್ಷವಿದ್ದಾಗ ಅಪ್ಪ ಅಮ್ಮ ಒಟ್ಟಿಗೆ ಹೋದರು. ಆಗ ಅಕ್ಕನಿಗೆ ಹದಿನೇಳು. ಆ ದಿನದಿಂದ ಅವಳ ಹೊಲಿಗೆಯೇ ಅವನ ಅನ್ನ, ಅವನ ಓದು. ಮದುವೆ ಆಗಲಿಲ್ಲ. ಯಾಕೆ ಆಗಲಿಲ್ಲ ಎಂದು ಅವನು ಒಂದು ಸಲವೂ ಕೇಳಿದವನಲ್ಲ. ಕೆಲಸ ಕಳೆದುಕೊಂಡು ಊರು ಬಿಡುತ್ತೇನೆ ಅಂದಾಗ ಅವಳೂ ಯಾಕೆ ಅಂತ ಕೇಳಲಿಲ್ಲ. ಯಂತ್ರವನ್ನು ಗೋಣಿಯಲ್ಲಿ ಸುತ್ತಿ ಲಾರಿ ಹತ್ತಿಸಿದಳು.

ಸೋಮವಾರ ಮಧ್ಯಾಹ್ನ ಅವನು ದಾರ ಕತ್ತರಿಸಿದ. ಅದು ದಾರವಲ್ಲ, ಕೂದಲು. ಕತ್ತರಿಯ ಬಾಯಿಗೆ ಸಿಕ್ಕಿ ಕಿರುಗುಟ್ಟಿತು. ಅರಗು ಕೆರೆದ. ಕಟಿಂಗ್ ಪ್ಲೇಯರಿನಲ್ಲಿ ಡಬ್ಬಿಯ ಮೂಲೆ ಹಿಡಿದು ತಿರುಚಿದ. ಪ್ಲಾಸ್ಟಿಕ್ಕು ಚಟ್ಟೆಂದು ಸೀಳಿತು.

ಹಸಿ ಗಾರೆಯ ವಾಸನೆ ಬಂತು. ಸುಣ್ಣ, ಮರಳು, ತೇವ. ಇಷ್ಟು ಚಿಕ್ಕ ಡಬ್ಬಿಯಿಂದ ಕೋಣೆ ತುಂಬುವಷ್ಟು.

ಪರದೆಯಾಚೆ ಯಂತ್ರ ನಿಂತಿತು. "ಏನೋ ಅದು ನಾತ? ಒಳಗೆ ಗೋಡೆ ಕಟ್ಟಿಸ್ತಿದ್ದೀಯೇನೋ?"

"ಹೂಂ, ನಿನಗೆ ಬಂಗ್ಲೆ."

"ಮೊದ್ಲು ನಿನ್ನ ಪ್ಯಾಂಟಿಗೊಂದು ಗುಂಡಿ ಕಟ್ಟಿಸ್ಕೋ. ಬಂಗ್ಲೆಯಂತೆ."

ಯಂತ್ರ ಮತ್ತೆ ಟಕಟಕ ಶುರುವಾಯಿತು. ನಾಣ್ಯ ಮಖಮಲ್ಲಿನ ಮೇಲೆ ಬಿದ್ದಿತ್ತು. ಬೆಳ್ಳಿ ತಣ್ಣಗಿರಬೇಕು. ಇದು ಬೆಚ್ಚಗಿತ್ತು, ಯಾರೋ ಈಗಷ್ಟೇ ಮುಷ್ಟಿಯಿಂದ ಬಿಟ್ಟ ಹಾಗೆ.

*

ಮಂಗಳವಾರ ಬೆಳಿಗ್ಗೆ ನೋಡಿದರೆ ಇಪ್ಪತ್ತು.

ನಿನ್ನೆ ತನ್ನ ಕಣ್ಣೇ ತಪ್ಪಿರಬೇಕು ಅಂದುಕೊಂಡ. ಅಂದುಕೊಂಡು ಸಿಡಿಮಿಡಿಗೊಂಡ, ಯಾಕೆಂದರೆ ತಪ್ಪುವುದು ಅವನ ಜಾಯಮಾನವಲ್ಲ. ಜಡೆಯಲ್ಲಿ ಈಗ ಹತ್ತು ಎಳೆ. ಗಲ್ಲದ ಕೆಳಗೆ ಒಂದು ಮಡಿಕೆ.

"ಈ ಫೋನಿಗೆ ನನ್ನ ಗುರುತೇ ಇಲ್ಲ ನೋಡೋ," ಅಂತ ಅಕ್ಕ ಬಂದಳು. "ಬೆರಳೊತ್ತಿದ್ರೆ ತೆರೀತಾನೇ ಇಲ್ಲ."

"ಕೈ ಒದ್ದೆ ಇರ್ಬೇಕು."

"ಒದ್ದೆಯೂ ಇಲ್ಲ, ಮಣ್ಣೂ ಇಲ್ಲ. ಸೂಜಿ ಚುಚ್ಕೊಂಡ್ರೂ ಗೊತ್ತಾಗ್ತಿಲ್ಲ ಬೆಳಿಗ್ಗೆಯಿಂದ. ನೋಡು." ಅವಳು ಸೂಜಿಯನ್ನು ತೋರುಬೆರಳಿಗೆ ಇಳಿಸಿದಳು. ಬಟ್ಟೆಗೆ ಚುಚ್ಚಿದ ಹಾಗೆ ಇಳಿಯಿತು. ರಕ್ತ ಬರಲಿಲ್ಲ. ಅಕ್ಕ ನಗುತ್ತಿದ್ದಳು. "ಒಳ್ಳೇದೇ ಆಯ್ತು, ಬೆರಳಿಗೆ ಹಾಕೋ ಅಂಗುಸ್ತಾನದ ಖರ್ಚು ಉಳೀತು."

ಅವನು ಆ ಬೆರಳನ್ನು ನೋಡಲಿಲ್ಲ. ಭೂತಗನ್ನಡಿ ನಾಣ್ಯದ ಮೇಲಿತ್ತು.

ಬುಧವಾರ ಮೂವತ್ತೈದು. ತಕ್ಕಡಿಯಲ್ಲಿಟ್ಟ. ಮೊದಲ ದಿನಕ್ಕಿಂತ ಕಾಲು ಗ್ರಾಂ ಜಾಸ್ತಿ ತೂಗಿತು. ಬೆಳ್ಳಿ ಸವೆಯುತ್ತದೆ. ಬೆಳ್ಳಿ ಬೆಳೆಯುವುದಿಲ್ಲ. ಅವನು ತಕ್ಕಡಿಯನ್ನು ಒರೆಸಿ ಮತ್ತೆ ಇಟ್ಟ. ಮತ್ತೆ ಅದೇ.

ಪರದೆ ಸರಿಸಿ ಅಕ್ಕನನ್ನು ನೋಡಿದ. ಅವಳು ತಲೆ ಬಗ್ಗಿಸಿ ತೋಳಿಗೆ ಹೊಲಿಗೆ ಹಾಕುತ್ತಿದ್ದಳು. ಹುಬ್ಬುಗಳಿರಲಿಲ್ಲ. ಮೂಗಿನ ತುದಿ ಚಪ್ಪಟೆಯಾಗಿ ಹೊಳೆಯುತ್ತಿತ್ತು. ಕೆನ್ನೆಯ ಎಲುಬಿನ ಮೇಲೂ ಅದೇ ಹೊಳಪು.

ಏನಾಗುತ್ತಿದೆ ಎಂದು ಅವನಿಗೆ ಬೇರೆ ಯಾರೂ ಹೇಳಬೇಕಾಗಿರಲಿಲ್ಲ. ನಾಣ್ಯ ಎಲ್ಲಕ್ಕಿಂತ ಮೊದಲು ಸವೆಯುವುದು ಎತ್ತರದ ಜಾಗದಲ್ಲಿ. ಹುಬ್ಬು, ಮೂಗಿನ ತುದಿ, ಕೆನ್ನೆ, ಕಿವಿಯ ಮೇಲಿನ ಕೂದಲು. ಆಮೇಲೆ ತುಟಿ. ಆಮೇಲೆ ಕಣ್ಣು. ಹನ್ನೊಂದು ವರ್ಷ ಸಾವಿರಾರು ಮುಖಗಳಲ್ಲಿ ಅದನ್ನೇ ನೋಡಿದವನು. ಬೇಡವೆಂದರೂ ತಲೆ ತಾನಾಗಿ ಲೆಕ್ಕ ಹಾಕಿ ಮುಗಿಸಿತು. ಅಕ್ಕನ ಮುಖಕ್ಕೆ ನಲವತ್ತು ಅಂಕ.

"ಏನ್ ಹಂಗ್ ನೋಡ್ತಿದ್ದೀಯಾ? ಮುಖದಲ್ಲೇನಾದ್ರೂ ಇದೆಯಾ?"

"ಏನೂ ಇಲ್ಲ," ಅಂದ. ಆ ಮಾತು ಎಷ್ಟು ನಿಜ ಅಂತ ಅವನಿಗೇ ಹೊಳೆಯಿತು.

ಅವತ್ತು ಅವನು ಮಾಡಿದ ಕೆಲಸ ಎರಡು. ಬಾಗಿಲಿಗೆ 'ಟೈಲರ್ ರಜೆ' ಎಂದು ಬರೆದು ತೂಗುಹಾಕಿದ. ನಿಲುಗನ್ನಡಿಯನ್ನು ಗೋಡೆ ಕಡೆ ತಿರುಗಿಸಿದ. "ಹಿಂದಿನ ಪಾದರಸ ಕಿತ್ತಿದೆ, ರಿಪೇರಿ ಮಾಡಿಸ್ತೀನಿ," ಅಂದ. ಮೂರನೆಯ ಕೆಲಸವೊಂದಿತ್ತು, ನಾಣ್ಯವನ್ನು ಡಬ್ಬಿಗೆ ಹಾಕಿ ಮುಚ್ಚುವುದು. ಅದನ್ನು ಮಾಡಲಿಲ್ಲ.

ಅಕ್ಕ ತನ್ನ ಮುಖವನ್ನು ಕೈಯಿಂದ ಸವರಿ ನೋಡಿಕೊಂಡಳು. ಬೆರಳುಗಳು ಮೊದಲೇ ಸವೆದುಹೋಗಿದ್ದವು. ಅವಕ್ಕೆ ಏನೂ ತಿಳಿಯಲಿಲ್ಲ.

*

ಗುರುವಾರ ಬೆಳಿಗ್ಗೆ ಅವನು ಮುದುಕಿಯ ಮನೆಗೆ ಓಡಿದ. ಅಂಗಳದಲ್ಲಿ ಪೆಟ್ಟಿಗೆಗಳನ್ನು ಗಾಡಿಗೆ ಏರಿಸುತ್ತಿದ್ದರು. ಅವನ ಮುಖ ನೋಡಿದ ಕೂಡಲೇ ಮುದುಕಿ ಗೋಡೆಗೆ ಆತುಕೊಂಡಳು.

"ಒಡೆದ್ರಿ."

"ವಾಪಸ್ ಬರುತ್ತಾ? ಹೋಗಿದ್ದು?"

"ನನ್ನ ಹುಬ್ಬು ಬಂತಾ?" ಅವಳು ಅವನ ಅಂಗಿಯ ತೋಳು ಹಿಡಿದಳು. "ಈಗ್ಲೇ ಹೋಗಿ ಮುಚ್ಚಿ. ಉಳಿದಿರೋದಾದ್ರೂ ಉಳಿಯುತ್ತೆ. ಅದಕ್ಕೆ ಬೇರೇನೂ ಮಾಡೋಕೆ ಹೋಗ್ಬೇಡಿ. ನಿಮ್ಮ ಬುದ್ಧಿವಂತಿಕೆ ತೋರಿಸ್ಬೇಡಿ. ಮುಚ್ಚಿ, ಅಷ್ಟೇ."

ಬುದ್ಧಿವಂತಿಕೆ ಎಂಬ ಮಾತು ಅವನಿಗೆ ಚುರ್ ಅಂತು. ಓದು ಬರಹವಿಲ್ಲದ ಮುದುಕಿಯಿಂದ ಪಾಠ ಹೇಳಿಸಿಕೊಳ್ಳುವಷ್ಟಕ್ಕೆ ಬಂತೇ ಎಂದು ದಾರಿಯುದ್ದಕ್ಕೂ ಹಲ್ಲು ಕಡಿದ. ಆದರೂ ಅಂಗಡಿಗೆ ಬಂದವನೇ ಹೊಸ ಡಬ್ಬಿಯೊಂದನ್ನು ತೆಗೆದು ಮೇಜಿನ ಮೇಲಿಟ್ಟ. ಅಂಟು ತೆಗೆದಿಟ್ಟ. ದೀಪ ಹಾಕಿದ.

ಐವತ್ತೆಂಟು.

ಅರವತ್ತರ ಕೆಳಗಿನದು ಮನುಷ್ಯರ ಕೈಯಲ್ಲಿ ಓಡಾಡಿದ ನಾಣ್ಯ. ಅರವತ್ತು ದಾಟಿದರೆ ಯಾರೂ ಮುಟ್ಟದ್ದು. ನಡುವೆ ಇರುವುದು ಎರಡೇ ಅಂಕ. ಆ ಎರಡು ಅಂಕದ ಈಚೆ ಒಂದು ಮನೆಯ ಬೆಲೆಯಾದರೆ ಆಚೆ ಒಂದು ಬೀದಿಯ ಬೆಲೆ. ಬೆಲೆ ಹಾಳಾಗಲಿ, ಆ ಮುಖ್ಯಸ್ಥರ ಮುಖ ಅವನ ಕಣ್ಣೆದುರು ಬಂತು. ಪ್ರಪಂಚದಲ್ಲೇ ಇಲ್ಲವೆಂದುಕೊಂಡಿದ್ದ ಮುದ್ರೆ, ಅರವತ್ತು ದಾಟಿದ್ದು, ಇವನ ಕೈಯಿಂದ.

ನಾಳೆಯವರೆಗೆ, ಅಂದುಕೊಂಡ. ಒಂದೇ ದಿನ.

ಆಮೇಲೆ ತನಗೆ ತಾನೇ ಒಂದು ಸಮಾಧಾನ ಹೇಳಿಕೊಂಡ. ಅದು ಅವನ ಕಸುಬಿನ ಸಮಾಧಾನ. ಸವೆತ ಇಲ್ಲಿಂದ ಅಲ್ಲಿಗೆ ಹೋಗಿದೆ. ಅಲ್ಲಿಂದ ಇಲ್ಲಿಗೆ ತರಬೇಕಾದರೆ ನಾಣ್ಯವನ್ನು ಸವೆಸಿದರಾಯಿತು. ಮೊದಲು ಕಂಪನಿಯವರು ನೋಡಲಿ, ಒಪ್ಪಲಿ. ಒಪ್ಪಿದ ಮೇಲೆ ತಾನೇ ಕಲ್ಲಿಗೆ ತೇಯುತ್ತೇನೆ, ಅಕ್ಕನ ಮುಖ ಅಕ್ಕನಿಗೆ ಬರುತ್ತದೆ. ನಾಣ್ಯ ಹೋದರೆ ಹೋಗಲಿ, ತನ್ನ ಮಾತು ಗೆದ್ದಿರುತ್ತದೆ. ಹೀಗೆ ಲೆಕ್ಕ ಹಾಕಿ ಅವನು ಡಬ್ಬಿಯನ್ನು ಡ್ರಾಯರಿಗೆ ತಳ್ಳಿದ.

ಪರದೆಯಾಚೆಯಿಂದ ಅಕ್ಕ ಕೂಗಿದಳು. ತುಟಿಯ ಅಂಚು ಸವೆದಿದ್ದರಿಂದ ಮಾತು ನೀರಿನಲ್ಲಿ ನೆನೆದ ಹಾಗಿತ್ತು.

"ಬಾರೋ ಇಲ್ಲಿ."

ಹೋದ.

"ಸತ್ಯ ಹೇಳು. ನನ್ನ ಮುಖಕ್ಕೆ ಏನಾಗ್ತಿದೆ? ಹಾಲಿನವಳು ಕಿಟಕಿಯಲ್ಲಿ ನನ್ನ ನೋಡಿ ಪಾತ್ರೆ ಬಿಟ್ಟು ಓಡಿದ್ಲು."

"ಏನಿಲ್ಲಕ್ಕ. ದಣಿದಿದ್ದೀಯ. ಬೆಳಕು ಸರಿಯಿಲ್ಲ ಇಲ್ಲಿ."

"ನಿನಗೆ ಕಾಣ್ದೇ ಇರೋದು ಅಂತ ಇದೆಯೇನೋ? ಕೂದಲೆಳೆಯಷ್ಟು ಗೀರು ಕಾಣುತ್ತೆ ನಿನಗೆ." ಅವಳು ಕೈ ನೀಡಿ ಅವನ ಮೊಣಕೈ ಹುಡುಕಿ ಹಿಡಿದಳು. ರೆಪ್ಪೆಗಳು ಒಂದಕ್ಕೊಂದು ಅಂಟಲು ಶುರುವಾಗಿದ್ದವು. "ಕಾಯಿಲೆ ಆಗಿದ್ರೆ ಹೇಳಪ್ಪಾ. ನಾನೇನೂ ಹೆದರಲ್ಲ. ನೀನು ಸುಳ್ಳು ಹೇಳ್ಬೇಡ, ಅಷ್ಟೇ."

"ನಾಳೆ ಡಾಕ್ಟರಿಗೆ ತೋರಿಸೋಣ."

"ನಾಳೆ ಯಾಕೆ? ಇವತ್ತೇನ್ ಕಡಿದು ಕಟ್ಟೆ ಹಾಕ್ತಿದ್ದೀಯಾ?"

ಅವನು ಮೊಣಕೈಯನ್ನು ಮೆಲ್ಲಗೆ ಬಿಡಿಸಿಕೊಂಡ. ಅವಳ ಕೈ ಗಾಳಿಯಲ್ಲಿ ಸ್ವಲ್ಪ ಹೊತ್ತು ಹಾಗೇ ಇತ್ತು.

*

ಶುಕ್ರವಾರ ಹತ್ತು ಗಂಟೆಗೆ ಅರವತ್ತೈದು. ಹನ್ನೆರಡಕ್ಕೆ ಅರವತ್ತೇಳು.

ಅವನು ಅದನ್ನು ಅಂಗುಲ ಅಂಗುಲವಾಗಿ ನೋಡಿದ. ಕೆನ್ನೆಯ ಮೇಲೆ ಗೀರಿಲ್ಲ. ಹುಬ್ಬಿನ ಕೂದಲು ಒಂದೊಂದೂ ಬೇರೆಬೇರೆ. ತುಟಿಯ ಒಡಕುಗಳು. ಚರ್ಮದ ರಂಧ್ರಗಳು. ಅಂಚಿನ ಬೆಳ್ಳಿ ಹಾಲಿನ ಕೆನೆಯಂತೆ. ನಾಣ್ಯದಿಂದ ಗಾರೆಯ ವಾಸನೆ ಹೋಗಿತ್ತು. ಈಗ ಬರುತ್ತಿದ್ದದ್ದು ಯಂತ್ರದೆಣ್ಣೆಯ ವಾಸನೆ. ಅದು ಪರದೆಯಾಚೆಯಿಂದ ಬರುತ್ತಿದೆ ಎಂದುಕೊಂಡ.

ಫೋಟೋ ತೆಗೆದ. ಮುಖ್ಯಸ್ಥರಿಗೇ ಕಳಿಸಿದ. ಕಾದ. ಯಂತ್ರದ ಸದ್ದು ಯಾವಾಗಲೋ ನಿಂತಿತ್ತು. ಅವನು ಗಮನಿಸಲಿಲ್ಲ.

ಎರಡು ಗಂಟೆಗೆ ಫೋನಿನಲ್ಲಿ ಆ ದನಿ ಬಂತು, ಮುದಿಯಾಗಿ, ನಡುಗುತ್ತ. "ಇದು... ಇದು ಎಲ್ಲಿ ಸಿಗ್ತಪ್ಪಾ ನಿನಗೆ? ಅರವತ್ತೇಳಕ್ಕೆ ಕಡಿಮೆ ಇಲ್ಲ. ಅವತ್ತು ನಾನು ದುಡುಕಿಬಿಟ್ಟೆ. ನಿನ್ನಂಥ ಕಣ್ಣು ನಮ್ಮಲ್ಲಿ ಇನ್ನೊಂದಿಲ್ಲ. ತಗೊಂಡು ಬಾ, ನಾನೇ ಬಾಗಿಲಲ್ಲಿ ನಿಂತಿರ್ತೀನಿ."

ಅವನು ಕುರ್ಚಿಯಿಂದ ಎಗರಿದ. ತಿಂಗಳುಗಟ್ಟಲೆ ಎದೆಯಲ್ಲಿ ಕಟ್ಟಿಕೊಂಡಿದ್ದ ಗಂಟು ಸಡಿಲವಾಗಿ ಕಣ್ಣಲ್ಲಿ ನೀರು ಬಂತು. ಪರದೆಯನ್ನು ಒಂದೇ ಏಟಿಗೆ ಸರಿಸಿದ.

"ಅಕ್ಕಾ! ಕೇಳಿದ್ಯಾ? ಏನಂದ್ರು ಗೊತ್ತಾ!"

ಅಕ್ಕನಿಗೆ ಕಿವಿಗಳಿರಲಿಲ್ಲ.

ಯಂತ್ರದ ಮುಂದೆ, ಅದೇ ಸ್ಟೂಲಿನ ಮೇಲೆ, ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದಳು. ಕತ್ತಿನ ಮೇಲೆ ಇದ್ದದ್ದು ಬಿಳಿಚಿದ ಒಂದು ಗುಂಡು, ಮೊಟ್ಟೆಯಷ್ಟು ನುಣುಪು. ಬಾಯಿ ಇದ್ದಲ್ಲಿ ಉಗುರಿನಿಂದ ಎಳೆದಂಥ ಗೆರೆ. ಅದರ ಮೇಲೆ ಸೂಜಿಯಷ್ಟು ಎರಡು ತೂತು. ಆ ತೂತುಗಳಿಂದ ಉಸಿರು ಸಿಳ್ಳೆ ಹೊಡೆಯುತ್ತಿತ್ತು. ಕೈಗಳು ಮಾತ್ರ ತೊಡೆಯ ಮೇಲಿನ ಬಟ್ಟೆಯನ್ನು ಮಡಚುತ್ತ, ಬಿಚ್ಚುತ್ತ, ಮಡಚುತ್ತ ಇದ್ದವು.

ಅವನು ನೋಡುತ್ತಿದ್ದ ಹಾಗೇ ಒಂದು ತೂತು ಮುಚ್ಚಿಕೊಂಡಿತು.

ಸಿಳ್ಳೆ ಸಣ್ಣಗಾಯಿತು. ಕೈಗಳು ಬಟ್ಟೆ ಬಿಟ್ಟವು. ಗಾಳಿಯಲ್ಲಿ ತಡಕಿದವು. ಅವನನ್ನೇ ಹುಡುಕುತ್ತಿದ್ದವು.

ಅವನು ಒಳಗೆ ಓಡಿದ. ನಾಣ್ಯ ಎತ್ತಿಕೊಂಡ. ಸುಡುತ್ತಿತ್ತು. ಹೊರಗೆ ಓಡಿಬಂದ. ಕತ್ತರಿ ಮಸೆಯುವ ಸಾಣೆಕಲ್ಲು ಅಕ್ಕನ ಮೇಜಿನ ಮೇಲೇ ಇತ್ತು. ಎರಡನೆಯ ತೂತು ಮುಚ್ಚಿತು. ಸಿಳ್ಳೆ ನಿಂತಿತು. ಸ್ಟೂಲು ಉರುಳಿತು. ಅಕ್ಕನ ಮೈ ನೆಲಕ್ಕೆ ಬಿದ್ದು ಒದ್ದಾಡಿತು. ಹಿಮ್ಮಡಿಗಳು ನೆಲಕ್ಕೆ ಬಡಿಯುತ್ತಿದ್ದವು. ದಡ್. ದಡ್. ದಡ್.

ನಾಣ್ಯದ ಮುಖವನ್ನು ಕೆಳಗೆ ಮಾಡಿ ಕಲ್ಲಿಗೆ ಒತ್ತಿದ. ತಿಕ್ಕಿದ.

ಒಂದು ಸಲ.

ಹಿಂದೆ ಯಾರೋ ನೀರಿನಿಂದೆದ್ದ ಹಾಗೆ ಉಸಿರೆಳೆದರು. ಹಾ ಎಂದು, ಎದೆ ತುಂಬ.

ಬಂತು! ಅವನ ಲೆಕ್ಕ ಸರಿಯಿತ್ತು! ಮುದುಕಿಗೇನು ಗೊತ್ತು? ಅವನು ಅಳುತ್ತ ನಗುತ್ತ ತಿಕ್ಕಿದ. ಕಲ್ಲಿನ ಮೇಲೆ ಬೆಳ್ಳಿಯ ಪುಡಿ ಎದ್ದಿತು. ತಿರುಗಿ ನೋಡಿದ. ನುಣುಪಿನ ಮೇಲೆ ಮೂಗು ಏಳುತ್ತಿತ್ತು, ಹಿಟ್ಟಿನೊಳಗಿಂದ ಬೆರಳು ಒತ್ತಿದ ಹಾಗೆ. ಹೊಳ್ಳೆಗಳು ಅರಳಿದವು. ಮತ್ತೆ ತಿಕ್ಕಿದ. ಗೆರೆ ಸೀಳಿ ತುಟಿಯಾಯಿತು. ಇನ್ನೂ ತಿಕ್ಕಿದ. ಬೆರಳ ಚರ್ಮ ಕಿತ್ತುಬಂತು. ಬೆಳ್ಳಿ ಪುಡಿ ಕೆಂಪಾಯಿತು. ಬಿಡಲಿಲ್ಲ. ಹುಬ್ಬು ಬಂತು. ರೆಪ್ಪೆ ಬಿಚ್ಚಿತು.

"ಅಕ್ಕಾ, ಇನ್ನೊಂದ್ ಚೂರು. ಇನ್ನೊಂದೇ ಚೂರು. ಆಮೇಲೆ ಎಂದೂ ಇಲ್ಲಕ್ಕ. ಆಣೆ."

ಅಕ್ಕ ಎದ್ದು ನಿಂತ ಸದ್ದಾಯಿತು. ಬಟ್ಟೆ ಸರಸರ ಅಂದಿತು.

"ಹೇಗಿದ್ದೀಯಕ್ಕಾ? ಮಾತಾಡು."

ಹಸಿ ಗಾರೆಯ ವಾಸನೆ ಬಂತು. ಅದು ನಾಣ್ಯದಿಂದಲ್ಲ, ಬೆನ್ನ ಹಿಂದಿನಿಂದ.

ಅವನ ಕೈ ನಿಧಾನವಾಯಿತು. ತಿರುಗಿದ.

ಅಕ್ಕನ ಬಟ್ಟೆ. ಅಕ್ಕನ ಕೈ. ಕೊರಳಲ್ಲಿ ಅಕ್ಕನ ಅಳತೆ ಟೇಪು. ಮೇಲಿದ್ದ ಮುಖವನ್ನು ಅವನು ಎಂದೂ ಕಂಡಿರಲಿಲ್ಲ. ಉದ್ದನೆಯ ಮೂಗು, ಚೂಪು ಗಲ್ಲ, ಮೂರು ಎಳೆಯ ಜಡೆ. ಅವಳು ಪಕ್ಕಕ್ಕೆ ತಿರುಗಿ ನಿಂತಿದ್ದಳು, ಒಂದೇ ಕಣ್ಣಿನಿಂದ ಅವನನ್ನು ನೋಡುತ್ತ.

ಅವನು ಬಗ್ಗಿ ನಾಣ್ಯವನ್ನು ನೋಡಿದ. ಮೊದಲನೆಯ ಸಲ ಭೂತಗನ್ನಡಿ ಇಲ್ಲದೆ ನೋಡಿದ. ಐದು ದಿನ ಅದರ ಗೀರು ನೋಡಿದ್ದ, ಹೊಳಪು ನೋಡಿದ್ದ, ಎಳೆ ಎಣಿಸಿದ್ದ, ರಂಧ್ರ ಎಣಿಸಿದ್ದ. ಯಾರ ಮುಖ ಅಂತ ನೋಡಿರಲಿಲ್ಲ. ಅವನ ಕಸುಬಿನವರು ಯಾರೂ ನೋಡುವುದಿಲ್ಲ.

ಉಳಿದದ್ದು ಕಾಲು ಭಾಗ. ಒಂದು ಕಿವಿ. ಗಲ್ಲದ ಒಂದು ಬದಿ. ಕೂಗಲೆಂದು ತೆರೆದ ಬಾಯಿಯ ಒಂದು ಮೂಲೆ, ಏಳು ವರ್ಷದ ಹುಡುಗನನ್ನು ಊಟಕ್ಕೆ ಕರೆಯುತ್ತಿದ್ದ ಬಾಯಿ.

ಮಿಕ್ಕದ್ದು ಕಲ್ಲಿನ ಮೇಲೆ ಪುಡಿಯಾಗಿ ಬಿದ್ದಿತ್ತು. ಅವನೇ ತೇದಿದ್ದ.

ಅವನು ನಾಣ್ಯವನ್ನು ಎದೆಗೆ ಒತ್ತಿಕೊಳ್ಳಲು ಎತ್ತಹೋದ. ಎತ್ತಲಾಗಲಿಲ್ಲ. ಅವನ ಕೈಯ ಮೇಲೆ ಇನ್ನೊಂದು ಕೈ ಬಿತ್ತು. ಅಕ್ಕನ ಕೈ. ಗೆರೆಗಳೆಲ್ಲ ಹೊಸದಾಗಿ ಮೂಡಿದ ಬೆರಳುಗಳು, ಬೆಚ್ಚಗೆ, ಬಿಗಿಯಾಗಿ. ನಾಣ್ಯ ಕಲ್ಲಿಗೆ ತಾಗಿತು.

ಕಿವಿಯ ಹತ್ತಿರ, ತುಂಬ ಕಾಲ ಮಾತಾಡದೆ ಒಣಗಿದ ದನಿಯೊಂದು ತಾಳ್ಮೆಯಿಂದ ಹೇಳಿತು:

"ಇನ್ನೊಂಚೂರು ಉಳಿದಿದೆ. ಉಜ್ಜು."